ನಾಲ್ಕೂವರೆ ಹೆಜ್ಜೆ ದೂರ

ಹಳೆಯ ಕಪಾಟು ಖಾಲಿ ಮಾಡುವಾಗ ಫೋಟೋ ಹಾಕಿಕೊಡುವ ಕಂದು ಕಾಗದದ ಕವರೊಂದು ಸಿಕ್ಕಿತು. ಒಳಗೆ ಫೋಟೋ ಇರಲಿಲ್ಲ. ಹೊರಗೆ ಪೆನ್ಸಿಲಿನಲ್ಲಿ ಬರೆದ ಉದ್ದುದ್ದ ಗುಳ್ಳೆಗಳು, ಮಕ್ಕಳು ಮನುಷ್ಯರನ್ನು ಬರೆದ ಹಾಗೆ. ಒಂದೊಂದರ ಹೊಟ್ಟೆಯಲ್ಲಿ ಒಂದೊಂದು ಅಂಕಿ. ಮದುಮಗಳು ೨. ಅಪ್ಪ ೩. ಅಮ್ಮ ೩. ಹಿಂದೆ, ಬಾಗಿಲಿನ ಗೆರೆಗೆ ಅಂಟಿಕೊಂಡಂತೆ ಇನ್ನೊಂದು ಗುಳ್ಳೆ. ಅದರೊಳಗೆ ನಾಲ್ಕೂವರೆ. ಕವರನ್ನು ಮೂಗಿಗೆ ಹಿಡಿದೆ. ಇಂಥ ಬರಹಗಳಲ್ಲಿ ಇಷ್ಟು ಹೊತ್ತಿಗೆ ಏನಾದರೊಂದು ಪರಿಮಳ ಬರಬೇಕು. ಬರಲಿಲ್ಲ, ಬರೀ ಧೂಳು. ಬಂದದ್ದು ಒಂದು ದನಿ: "ಕೂಸೆ, ಹಿಂದಿದ್ದವಕ್ಕೆ ದೂರ ಕೊಟ್ಯ?"

ಅದು ಅಕ್ಕನ ದನಿ. ನನಗೆ ಅವಳು ಸಂಬಂಧದಲ್ಲಿ ಏನೂ ಅಲ್ಲ. ಶಿರಸಿಯಲ್ಲಿ ಒಂದು ಬಟ್ಟೆ ಅಂಗಡಿಯ ಮಾಳಿಗೆಯ ಮೇಲಿದ್ದ ಫೋಟೋ ಸ್ಟುಡಿಯೋದಲ್ಲಿ ನಾವಿಬ್ಬರೂ ಪಕ್ಕಪಕ್ಕದ ಕಂಪ್ಯೂಟರುಗಳ ಮುಂದೆ ನಾಲ್ಕು ವರ್ಷ ಕೂತಿದ್ದೆವು. ಐದು ಎಂದೂ ಬರೆಯಬಹುದು. ಅವಳಿಗೆ ಆಗ ನಲವತ್ತೈದರ ಸುಮಾರು. ಇಸಳೂರಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ನಾನು ಬನವಾಸಿ ಕಡೆಯವಳು. ಹುಬ್ಬಳ್ಳಿಯ ದೊಡ್ಡ ಸ್ಟುಡಿಯೋದಲ್ಲಿ ಆಲ್ಬಂ ಕೆಲಸ ಮಾಡಿ, ಮದುವೆಯಾಗಿ ಶಿರಸಿಗೆ ಬಂದವಳು. ಈ ಊರಿನ ಮಾಳಿಗೆಯ ಮೇಲೆ ನಾನು ಕಲಿಯುವುದು ಏನೂ ಇಲ್ಲ ಎಂದು ತಿಳಿದಿದ್ದೆ. ಮೊದಲ ದಿನವೇ ಅವಳು ನನ್ನನ್ನು "ಕೂಸೆ" ಎಂದು ಕರೆದಾಗ ಸಿಟ್ಟು ಬಂತು. ನಮ್ಮ ಕಡೆ ಕೂಸು ಎಂದರೆ ತೊಟ್ಟಿಲಲ್ಲಿ ಮಲಗಿರುವುದು. ನನಗೆ ಮೂವತ್ತು ಆಗುವುದರಲ್ಲಿತ್ತು.

"ಹಂಗೆಲ್ಲ ಕರೀಬ್ಯಾಡ್ರಿ ಅಕ್ಕಾ," ಅಂದೆ.

"ಅಯ್ಯೋ, ಇಲ್ಲಿ ಅರವತ್ತು ವರ್ಷದವರನ್ನೂ ಹಂಗೇ ಕರೀತ. ನೀ ಎಂತಕ್ಕೆ ಹೆದರ್ತೆ? ಬರ್ರಿ, ಕುಂದರ್ರಿ," ಎಂದು ನನ್ನ ಮಾತನ್ನೇ ಅಣಕಿಸಿ ಕುರ್ಚಿ ಎಳೆದುಕೊಟ್ಟಳು.

ಅವಳದು ಕೂಡಿಸುವ ಕೆಲಸ. ಸ್ಟುಡಿಯೋದ ಯಜಮಾನರು ಕ್ಯಾಮೆರಾ ಹಿಡಿದು ಮದುವೆ, ಉಪನಯನ, ಗೃಹಪ್ರವೇಶ ಎಂದು ತಿರುಗುತ್ತಿದ್ದರು. ಆ ಫೋಟೋಗಳಲ್ಲಿ ಯಾರು ಇರಬೇಕಿತ್ತೋ ಅವರು ಇಲ್ಲದಿದ್ದರೆ ಆ ಕೆಲಸ ಅಕ್ಕನ ಪಾಲಿಗೆ ಬರುತ್ತಿತ್ತು. ರಜೆ ಸಿಗದ ಮಗ, ಜಗಳವಾಗಿ ಬರದೆ ಉಳಿದ ಅಣ್ಣ, ಹೋದ ವರ್ಷ ತೀರಿಕೊಂಡ ಅಜ್ಜಿ... ಅವರನ್ನು ಇನ್ನೊಂದು ಫೋಟೋದಿಂದ ಕತ್ತರಿಸಿ ತಂದು ಇಲ್ಲಿ ನಿಲ್ಲಿಸುವುದು. ಕತ್ತರಿಸುವುದು ಕಷ್ಟವಲ್ಲ, ಯಾರೂ ಮಾಡಿಯಾರು. ನಿಲ್ಲಿಸುವುದೇ ಕಷ್ಟ. ಕ್ಯಾಮೆರಾ ಮುಂದಿನ ಸಾಲನ್ನು ಚೊಕ್ಕವಾಗಿ ನೋಡಿರುತ್ತದೆ, ಹಿಂದಿನ ಸಾಲನ್ನು ಕೊಂಚ ಮೆತ್ತಗೆ, ಗೋಡೆಯನ್ನು ಇನ್ನಷ್ಟು ಮೆತ್ತಗೆ. ಹೊಸದಾಗಿ ಬಂದವರು ಎಷ್ಟು ಹಿಂದೆ ನಿಂತಿದ್ದಾರೋ ಅಷ್ಟೇ ಮಸುಕಾಗಬೇಕು. ಒಂದು ಕೂದಲೆಳೆ ಹೆಚ್ಚಾದರೆ ಅಂಟಿಸಿದ್ದು ಗೊತ್ತಾಗುತ್ತದೆ. ಕಡಿಮೆಯಾದರೂ ಗೊತ್ತಾಗುತ್ತದೆ.

ಇದಕ್ಕಾಗಿ ಅವಳು ಪ್ರತಿ ಫೋಟೋಕ್ಕೂ ಒಂದು ಬೂದು ಚಿತ್ರ ಬರೆಯುತ್ತಿದ್ದಳು. ಹತ್ತಿರ ಇರುವವರು ಬಿಳಿ, ದೂರದವರು ಕಪ್ಪು, ನಡುವಿನವರು ನಡುವಿನ ಬೂದು. ಕಣ್ಣು ಮೂಗು ಇಲ್ಲ, ದೂರ ಮಾತ್ರ ಇರುವ ಜನ. ಅದನ್ನು ನೋಡಿಕೊಂಡು ಯಾರನ್ನು ಎಷ್ಟು ಮಸುಕು ಮಾಡಬೇಕೆಂದು ಕಂಪ್ಯೂಟರು ಲೆಕ್ಕ ಹಾಕುತ್ತಿತ್ತು. ನೆಲವನ್ನೂ ಮುಂದಿನಿಂದ ಹಿಂದಕ್ಕೆ ನಿಧಾನವಾಗಿ ಕಪ್ಪಾಗಿಸಬೇಕು. ನಾನು ಹುಬ್ಬಳ್ಳಿಯ ಜಂಬದಲ್ಲಿ ಮೊದಲ ಸಲ ಮನುಷ್ಯರಿಗೆ ಮಾತ್ರ ಬಣ್ಣ ಹಾಕಿ ನೆಲವನ್ನು ಬಿಟ್ಟಿದ್ದೆ. ಅಕ್ಕ ಬಗ್ಗಿ ನೋಡಿ, "ಇವರೆಲ್ಲ ಎಂತ ಹಾರ್ತಾ ಇದ್ದಾರ?" ಅಂದಳು.

ಮಸುಕು ಎಂಬ ಮಾತನ್ನು ಅವಳು ಬಳಸುತ್ತಿರಲಿಲ್ಲ. ಮಸುಕು ಮಾಡುವುದು ಅವಳ ಬಾಯಲ್ಲಿ "ದೂರ ಕೊಡುವುದು". ಅಂಚುಗಳನ್ನು ಎದ್ದು ಕಾಣಿಸುವುದು "ಸಾಣೆ ಹಿಡಿಯುವುದು". ಸಾಣೆ ಹೆಚ್ಚಾದರೆ ಮುಖದ ಸುತ್ತ ಸಣ್ಣ ಬಿಳಿ ಗೆರೆ ಏಳುತ್ತದೆ. ಅದು ಕಂಡರೆ ಅವಳಿಗೆ ಊಟದಲ್ಲಿ ಕಲ್ಲು ಸಿಕ್ಕಷ್ಟು ಬೇಸರ. ದೂರ ಕೊಟ್ಟ ಮೇಲೆ ಸಾಣೆ, ಅದೂ ಮುಂದಿನವರ ಕಣ್ಣಿಗೆ ಮಾತ್ರ. ಕೆಲಸ ಮುಗಿದ ಮೇಲೆ ಎದ್ದು ಬಾಗಿಲ ತನಕ ಹೋಗಿ, ಕನ್ನಡಕ ತೆಗೆದು ಅಲ್ಲಿಂದ ನೋಡುತ್ತಿದ್ದಳು. ಗೋಡೆಯ ಮೇಲಿನ ಫೋಟೋವನ್ನು ಯಾರೂ ಮೂಗು ತಾಗಿಸಿ ನೋಡುವುದಿಲ್ಲ ಎಂಬುದು ಅವಳ ವಾದ.

ಈ ದೂರದ ದೆಸೆಯಿಂದ ಒಮ್ಮೆ ಫಜೀತಿ ಆಯಿತು. ಯಲ್ಲಾಪುರದ ಟೆಂಪೋ ಓಡಿಸುವ ಒಬ್ಬ ಸಾಹೇಬರು ಮನೆಮಂದಿಯ ಫೋಟೋ ತಂದಿದ್ದರು. ಅವರ ಕೈಯಲ್ಲಿದ್ದ ಸಿಗರೇಟು ತೆಗೆಯಬೇಕು, ಅವತ್ತು ಬಾರದೆ ಇದ್ದ ಮಾವನನ್ನು ಹಿಂದಿನ ಸಾಲಿಗೆ ಸೇರಿಸಬೇಕು. ಅಕ್ಕ ಕವರಿನ ಮೇಲೆ ಎಂದಿನಂತೆ ಬರೆದಳು: ಸಿಗರೇಟು ತೆಗೆಯುವುದು, ಮಾವನಿಗೆ ದೂರ ಕೊಡುವುದು. ಅವಳ ಅಕ್ಷರದಲ್ಲಿ 'ರ'ಕ್ಕೆ ಒಂದು ಬಾಲ ಇರುತ್ತಿತ್ತು. ಮರುವಾರ ಫೋಟೋ ಒಯ್ಯಲು ಬಂದ ಸಾಹೇಬರು ಕವರು ಓದಿದವರೇ ಕೂತುಬಿಟ್ಟರು.

"ಅಕ್ಕಾ, ಮಾವನಿಗೆ ಗೊತ್ತಾಗಬಾರದು ಅಂತಲೇ ಸಿಗರೇಟ್ ತೆಗೀರಿ ಅಂದಿದ್ದು. ನೀವೇ ದೂರು ಕೊಟ್ರೆ ನಾನು ಮನೆಗೆ ಹೋಗೋದು ಹೆಂಗೆ?"

ಅಕ್ಕನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೂ ಅವಳು ನಗಲಿಲ್ಲ. "ನಿಮ್ಮ ಮಾವ ಎರಡನೇ ಸಾಲಲ್ಲಿದ್ದಾರೆ ಮಾರಾಯ್ರೆ. ಅಲ್ಲಿಂದ ಅವರಿಗೆ ನಿಮ್ಮ ಕೈ ಕಾಣೂದಿಲ್ಲ. ಅದಕ್ಕೇ ದೂರ ಕೊಟ್ಟದ್ದು," ಅಂದಳು. ಅಂದಿನಿಂದ ಸಾಹೇಬರು ಶಿರಸಿಗೆ ಬಂದಾಗೆಲ್ಲ ಮೆಟ್ಟಿಲ ಬುಡದಿಂದಲೇ "ದೂರು ಅಕ್ಕಾ!" ಎಂದು ಕೂಗುತ್ತಿದ್ದರು.

ಈ ಕತೆಯನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಹೇಳಿ ಹೇಳಿ ಅದರ ಅಂಚಿಗೂ ಬಿಳಿ ಗೆರೆ ಬಂದಿದೆ. ಅಕ್ಕ ನಗಲಿಲ್ಲ ಎಂದೆ. ನಕ್ಕಿದ್ದಳು ಎಂದು ಕಾಣುತ್ತದೆ. ನಗದೆ ಹೇಳಿದರೆ ಕತೆ ಚೆನ್ನಾಗಿರುತ್ತದೆಂದು ಯಾವಾಗಲೋ ನಾನೇ ಅವಳ ನಗು ತೆಗೆದಿರಬೇಕು.

ಮುಂದಿನದನ್ನು ಅಷ್ಟು ಜನರಿಗೆ ಹೇಳಿಲ್ಲ. ಹಾಗಾಗಿ ಅದು ಹೆಚ್ಚು ಕೆಟ್ಟಿರಲಾರದು.

ಹುಲೇಕಲ್ ಕಡೆಯ ಗಂಡ ಹೆಂಡತಿ ಬಂದರು. ಎರಡನೆಯ ಮಗಳ ಮದುವೆ ಆಗಿ ತಿಂಗಳಾಗಿತ್ತು. ಅದಕ್ಕೆ ಮುಂಚಿನ ವರ್ಷ ದೊಡ್ಡ ಮಗಳು ಜ್ವರದಲ್ಲಿ ತೀರಿಕೊಂಡಿದ್ದಳು. ತಾಯಿಗೆ ಒಂದೇ ಒಂದು ಫೋಟೋ ಬೇಕಿತ್ತು, ಇಬ್ಬರು ಹೆಣ್ಣುಮಕ್ಕಳೂ ಇರುವಂಥದ್ದು. ಅಂಥ ಫೋಟೋ ಆ ಮನೆಯಲ್ಲಿ ಇರಲೇ ಇಲ್ಲ. ದೊಡ್ಡವಳು ಕ್ಯಾಮೆರಾ ಕಂಡರೆ ಒಳಗೆ ಹೋಗಿಬಿಡುತ್ತಿದ್ದಳಂತೆ. ಕೊನೆಗೆ ಸಿಕ್ಕಿದ್ದು ಸ್ವಸಹಾಯ ಸಂಘದ ಪ್ರವಾಸದ ಗುಂಪು ಫೋಟೋ. ಯಾರದೋ ಫೋನಿನಲ್ಲಿ ತೆಗೆದು, ಹತ್ತು ಕೈ ದಾಟಿ ಬಂದದ್ದು. ಮೂರನೆಯ ಸಾಲಿನಲ್ಲಿ ಅವಳು. ಮುಖ ಒಂದು ಹೆಸರುಕಾಳಿನಷ್ಟು.

ಅಕ್ಕ ಆ ವಾರ ರಜೆಯಲ್ಲಿದ್ದಳು. ಕೆಲಸ ನಾನು ತೆಗೆದುಕೊಂಡೆ. ತಾಯಿ ಮಗಳ ಬಗ್ಗೆ ಹೇಳುವಾಗೆಲ್ಲ "ಅದು" ಎನ್ನುತ್ತಿದ್ದಳು: ಅದು ಹಂಗೆ, ಅದು ಹಿಂಗೆ. ಇಲ್ಲಿಯ ತೋಟದ ಮನೆಗಳಲ್ಲಿ ಹೆಂಗಸರನ್ನು, ಅದರಲ್ಲೂ ಬೇಕಾದವರನ್ನು ಹಾಗೆಯೇ ಹೇಳುವುದು. ನನಗಿನ್ನೂ ಅದು ರೂಢಿಯಾಗಿರಲಿಲ್ಲ. ಸತ್ತ ಮಗಳನ್ನು ಪಾತ್ರೆಯೋ ಕರುವೋ ಎಂಬಂತೆ ಹೇಳುತ್ತಾಳಲ್ಲ ಅನ್ನಿಸಿ ಒಳಗೊಳಗೇ ಮುಖ ಸಿಂಡರಿಸಿದ್ದೆ.

ಆಗಷ್ಟೇ ಹೊಸದೊಂದು ಸಾಫ್ಟ್‌ವೇರು ಬಂದಿತ್ತು. ಮಸುಕು ಮುಖ ಕೊಟ್ಟರೆ ತಾನೇ ಊಹಿಸಿ ರೆಪ್ಪೆ, ಹುಬ್ಬು, ಹಲ್ಲು ಹಾಕಿ ಚೊಕ್ಕ ಮಾಡಿಕೊಡುತ್ತಿತ್ತು. ಹೆಸರುಕಾಳಿನ ಮುಖವನ್ನು ಅದಕ್ಕೆ ಕೊಟ್ಟೆ. ಬಂದ ಮುಖಕ್ಕೆ ಇನ್ನೂ ಸಾಣೆ ಹಿಡಿದೆ. ಕಣ್ಣು ಹೊಳೆಯಿತು, ಮೂಗಿನ ಬೊಟ್ಟು ಹೊಳೆಯಿತು. ಎಡ ಹುಬ್ಬಿನ ಮೇಲಿದ್ದ ಒಂದು ಕಲೆಯನ್ನು ಕೊಳೆಯೆಂದು ತಿಳಿದು ಒರೆಸಿದೆ. ಅವಳನ್ನು ತಂಗಿಯ ಪಕ್ಕ, ಮುಂದಿನ ಸಾಲಿನಲ್ಲೇ ನಿಲ್ಲಿಸಿದೆ. ಹಿಂದಿನ ಗೋಡೆ, ತೋರಣ ಎಲ್ಲವನ್ನೂ ಬೆಣ್ಣೆಯಂತೆ ಮೆತ್ತಗೆ ಮಾಡಿದೆ. ನಾನು ಅಲ್ಲಿಯವರೆಗೆ ಮಾಡಿದ್ದರಲ್ಲೆಲ್ಲ ಚೆಂದದ ಕೆಲಸ ಅದು ಎಂದು ಈಗಲೂ ಒಮ್ಮೊಮ್ಮೆ ಅನ್ನಿಸುತ್ತದೆ.

ಅವರು ನೋಡಲು ಬಂದ ದಿನ ಅಕ್ಕ ರಜೆ ಮುಗಿಸಿ ಬಂದಿದ್ದಳು. ತಂದೆ ಪರದೆ ನೋಡಿ, "ಚೆಂದ ಆಯ್ದು," ಅಂದರು. ತಾಯಿ ಮುಂದೆ ಬಗ್ಗಿ ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, ತಪ್ಪು ಹುಡುಕುವ ದನಿಯಲ್ಲಲ್ಲ, ಮದುವೆ ಮನೆಯಲ್ಲಿ ಗುರುತಿಲ್ಲದ ನೆಂಟರ ಬಗ್ಗೆ ವಿಚಾರಿಸುವ ಹಾಗೆ ಕೇಳಿದಳು:

"ಇವರು ಯಾರು?"

ಇವರು. ಅಷ್ಟು ಮರ್ಯಾದೆಯ ಮಾತು. ತಂದೆ ಗೋಡೆಯ ಕಡೆ ತಿರುಗಿ ನಿಂತರು. ಇದ್ದ ಒಂದೇ ಫೋಟೋದಿಂದ ಮಗಳು ಬರಲಿಲ್ಲವೆಂದರೆ ಇನ್ನು ಎಲ್ಲಿಂದಲೂ ಬರುವುದಿಲ್ಲ ಎಂಬುದು ಆ ಕೋಣೆಯಲ್ಲಿದ್ದ ನಾಲ್ವರಿಗೂ ಗೊತ್ತಿತ್ತು.

ಅಕ್ಕ ನನ್ನನ್ನು ಬೈಯಲಿಲ್ಲ. ಪರದೆ ಆರಿಸಿದಳು. ತಾಯಿಯ ಹತ್ತಿರ ಸ್ಟೂಲು ಎಳೆದುಕೊಂಡು ಕೂತು, "ಅದು ಮನೇಲಿ ಎಲ್ಲಿ ನಿಂತ್ಕತ್ತಿತ್ತು?" ಎಂದು ಕೇಳಿದಳು. ಮುಖ ಹೇಗಿತ್ತು ಎಂದಲ್ಲ. ನೆಂಟರು ಬಂದಾಗ, ಪೂಜೆ ಆಗುವಾಗ, ಎಲ್ಲರೂ ಜಗಲಿಯಲ್ಲಿ ಕೂತಾಗ ಅದು ಎಲ್ಲಿರುತ್ತಿತ್ತು, ಎಷ್ಟು ದೂರ. ಕೂಡಿಸುವ ಕೆಲಸಕ್ಕೆ ಮುಂಚೆ ಅಕ್ಕ ಎಲ್ಲರನ್ನೂ ಕೇಳುತ್ತಿದ್ದ ಪ್ರಶ್ನೆ ಅದು. ಅದನ್ನು ಅವಳು ಹೊತ್ತು ಕಳೆಯಲು ಆಡುವ ಮಾತು ಎಂದು ನಾನು ತಿಳಿದಿದ್ದೆ.

"ಬಾಗಿಲ ಹತ್ರ," ಅಂದಳು ತಾಯಿ. "ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ಮುಂದೆ ಬಾ ಅಂದ್ರೆ ಬತ್ತಿತ್ತಿಲ್ಲೆ."

ಅಕ್ಕ ಅವರನ್ನು ಎಬ್ಬಿಸಿ ಫೋಟೋ ತೆಗೆಯುವ ಕೋಣೆಗೆ ಕರೆದುಕೊಂಡು ಹೋದಳು. ತಂದೆಯನ್ನು ಒಂದು ಕಡೆ ನಿಲ್ಲಿಸಿದಳು. ನನ್ನನ್ನು ಮದುಮಗಳ ಜಾಗದಲ್ಲಿ ನಿಲ್ಲಿಸಿದಳು. ಅದು ಎಲ್ಲಿ ಎಂದು ತಾಯಿಯನ್ನು ಕೇಳಿದಳು. ತಾಯಿ ಬೆರಳು ಮಾಡಿ ತೋರಿಸಿದಳು, ಅಲ್ಲಲ್ಲ ಅಂದಳು, ಇನ್ನೂ ಸ್ವಲ್ಪ ಹಿಂದೆ ಅಂದಳು, ಕೊನೆಗೆ ತಾನೇ ಹೋಗಿ ನಿಂತಳು. ಭುಜವನ್ನು ಚೌಕಟ್ಟಿಗೆ ಒರಗಿಸಿ, ತಲೆಯನ್ನು ಒಂದಿಷ್ಟು ಹೊರಗೆ ಚಾಚಿ. ಅರವತ್ತರ ಹೆಂಗಸು ಒಂದು ಗಳಿಗೆ ಮಗಳ ಹಾಗೆ ನಿಂತಳು. ತಂದೆ ನೋಡಿ ಕಣ್ಣೊರೆಸಿಕೊಂಡರು. ಅಕ್ಕ ಏನನ್ನೂ ನೋಡದವಳಂತೆ ದೊಡ್ಡ ದೊಡ್ಡ ಹೆಜ್ಜೆ ಇಟ್ಟು ಅಳೆದಳು. ಕ್ಯಾಮೆರಾ ನಿಲ್ಲುವ ಜಾಗದಿಂದ ನಾಲ್ಕು, ಆಮೇಲೆ ಅರ್ಧ.

ಎರಡು ದಿನ ಅವಳು ಆ ಕೆಲಸ ಹಿಡಿದು ಕೂತಳು. ನಾನು ಪಕ್ಕದಲ್ಲಿ ಕೂತು ನೋಡಿದೆ. ಗುಂಪು ಫೋಟೋದ ಮುಖವನ್ನು ಇದ್ದಂತೆಯೇ ತೆಗೆದುಕೊಂಡಳು. ಹುಬ್ಬಿನ ಮೇಲಿನ ಕಲೆ ವಾಪಸ್ಸು ಬಂತು. ನಾನು ಅಭ್ಯಾಸಬಲದಿಂದ ಕಣ್ಣಿಗೆ ಒಂಚೂರು ಸಾಣೆ ಎನ್ನಹೋದರೆ, "ಹಿಡಿಯಡ, ಅದ್ರಲ್ಲಿ ಇಲ್ಲದ್ದನ್ನ ನಾವು ಎಲ್ಲಿಂದ ತಂದು ಹಾಕೂದು?" ಅಂದಳು. ಅವಳನ್ನು ಬಾಗಿಲಿನಲ್ಲಿ ನಿಲ್ಲಿಸಿ, ಬೂದು ಚಿತ್ರದಲ್ಲಿ ನಾಲ್ಕೂವರೆಯ ಬೂದು ಬಳಿದಳು. ಆಮೇಲೆ ನಾನು ಊಹಿಸದ ಒಂದು ಕೆಲಸ ಮಾಡಿದಳು. ಮುಂದೆ ನಿಂತ ಮದುಮಗಳು, ತಂದೆ, ತಾಯಿ, ಎಲ್ಲರ ಸಾಣೆಯನ್ನೂ ಒಂದಿಷ್ಟು ಇಳಿಸಿದಳು. ಒಳ್ಳೆಯ ಕ್ಯಾಮೆರಾ ತೆಗೆದಿದ್ದ ರೇಷ್ಮೆಯ ಜರಿ ಮೆತ್ತಗಾಯಿತು. ಇಡೀ ಫೋಟೋಕ್ಕೆ ಸಣ್ಣ ರವೆಯಂಥ ಕಾಳು ಹಾಕಿದಳು, ಫೋನಿನ ಫೋಟೋದಲ್ಲಿ ಇದ್ದ ಹಾಗೆ. ಹಿಂದಿರುವ ಒಬ್ಬಳನ್ನು ಮುಂದಕ್ಕೆ ಎಳೆಯಲು ಆಗುವುದಿಲ್ಲ, ಮುಂದಿರುವವರೇ ಅವಳ ಕಡೆ ಸ್ವಲ್ಪ ಸರಿಯಬೇಕು... ಈ ಮಾತನ್ನು ಅಕ್ಕ ಹೇಳಿದಳೋ, ಅವಳ ಕೈ ನೋಡಿ ನಾನು ಅಂದುಕೊಂಡೆನೋ. ಬಹುಶಃ ನಾನೇ. ಅವಳು ಹಾಗೆಲ್ಲ ಮಾತಾಡುವವಳಲ್ಲ. ಅವಳು ಅಂದದ್ದು, "ಜರಿ ಕಣ್ಣಿಗೆ ಹೊಡೀತು," ಎಂದಿರಬೇಕು.

ಮತ್ತೆ ಅವರು ಬಂದಾಗ ಅಕ್ಕ ಒಳಗೆ ಕರೆಯಲಿಲ್ಲ. ದೊಡ್ಡದಾಗಿ ಪ್ರಿಂಟ್ ತೆಗೆದು ಎದುರು ಗೋಡೆಗೆ ಒರಗಿಸಿದ್ದಳು. "ಹತ್ರ ಬರಡಿ. ಅಲ್ಲಿಂದ್ಲೇ ನೋಡಿ," ಅಂದಳು. ತಾಯಿ ಚಪ್ಪಲಿ ಬಿಡುತ್ತಿದ್ದವಳು ಹಾಗೇ ತಲೆಯೆತ್ತಿದಳು. ಒಂದು ಚಪ್ಪಲಿ ಕಾಲಲ್ಲೇ ಇತ್ತು. ಗಂಡನ ತೋಳು ಹಿಡಿದು ಅಂದಳು:

"ನೋಡಿ, ಹಿಂದೇ ನಿಂತ್ಕಂಡಿದ್ದು. ಕರದ್ರೂ ಬತ್ತಿಲ್ಲೆ."

ಗದರುವ ದನಿ ಅದು. ಬದುಕಿರುವವರನ್ನು ಮಾತ್ರ ಹಾಗೆ ಗದರುತ್ತೇವೆ. ಆಮೇಲೆ ಅವಳು ಅತ್ತಳು. ನಾನೂ ಅತ್ತೆ. ಅಕ್ಕ ಪ್ರಿಂಟಿಗೆ ಕಾಗದ ಸುತ್ತುತ್ತಾ, ಬಿಸಿಲು ಬೀಳುವ ಗೋಡೆಗೆ ಹಾಕಬೇಡಿ, ಬಣ್ಣ ಹೋಗುತ್ತದೆ ಎಂದು ತಂದೆಗೆ ಎರಡೆರಡು ಸಲ ಹೇಳಿದಳು.

ಅಕ್ಕ ನನಗೆ ಕಲಿಸಿದಳು ಎಂದು ಹೇಳಿದರೆ ಅವಳು ಒಪ್ಪುತ್ತಿರಲಿಲ್ಲ. ಮಧ್ಯಾಹ್ನ ಡಬ್ಬಿ ಬಿಚ್ಚಿದಾಗ ನನ್ನ ರೊಟ್ಟಿ ಕಸಿದು, ತನ್ನ ತಂಬುಳಿ ಅನ್ನ ಇತ್ತ ತಳ್ಳುತ್ತಿದ್ದಳು. ಹಾಡಿನ ಸಾಲು ಮರೆತು ಬರೀ ರಾಗ ಗುನುಗುತ್ತಿದ್ದಳು. ಮದುವೆ ಆಲ್ಬಮ್ಮಿನಲ್ಲಿ ಗಂಡಿನ ಸೋದರಮಾವನ ಮುಖ ನೋಡಿ ಆ ಬೀಗರ ಇಡೀ ಜಗಳವನ್ನು ಕಟ್ಟಿ ಹೇಳುತ್ತಿದ್ದಳು. ದಿನವಿಡೀ ಮಾತು. ಮೂಗುತಿ ಎಡಕ್ಕಿತ್ತೋ ಬಲಕ್ಕೋ ಈಗ ಹೇಳಲಾರೆ...

ಆಮೇಲೆ ಫೋನುಗಳೇ ಹಿಂದಿನದನ್ನು ಮಸುಕು ಮಾಡಿ ಫೋಟೋ ತೆಗೆಯತೊಡಗಿದವು. ಒಂದು ಕಿವಿ, ಅರ್ಧ ಜಡೆಯನ್ನು ಹಿನ್ನೆಲೆಯೆಂದು ತಿಳಿದು ಅವು ನುಂಗುತ್ತಿದ್ದವು. ಅಕ್ಕ ಅಂಥದ್ದು ಕಂಡಾಗೆಲ್ಲ ನನ್ನನ್ನು ಕರೆದು ತೋರಿಸಿ ನಗುತ್ತಿದ್ದಳು. ಜನರಿಗೆ ಅಷ್ಟೇ ಸಾಕಾಯಿತು. ಸ್ಟುಡಿಯೋ ಸಣ್ಣದಾಯಿತು, ನಾನು ಪುಸ್ತಕದ ಮುಖಪುಟ ಮಾಡುವ ಕೆಲಸಕ್ಕೆ ಹೋದೆ, ಅವಳು ಮನೆಯಲ್ಲೇ ಉಳಿದಳು. ನಡುವೆ ಒಂದು ಬಸ್ಸಿನ ದಾರಿ ಅಷ್ಟೇ. ಎರಡು ವರ್ಷ ಭೇಟಿಯಾಗಲಿಲ್ಲ. ಹೋದ ಮಳೆಗಾಲದಲ್ಲಿ ಅವಳು ತೀರಿಕೊಂಡದ್ದು ನನಗೆ ಗೊತ್ತಾದದ್ದು ತಿಂಗಳಾದ ಮೇಲೆ, ತರಕಾರಿ ಅಂಗಡಿಯಲ್ಲಿ.

ಅವಳದೇ ಒಂದು ಫೋಟೋ ಇರಲಿಲ್ಲ ಎಂದು ಬರೆದರೆ ಈ ಬರಹ ಚೆಂದವಾಗಿ ಮುಗಿಯುತ್ತಿತ್ತು. ಸುಳ್ಳು. ಅವಳ ಫೋಟೋ ಬೇಕಾದಷ್ಟಿದ್ದವು. ಕವರು ಸಿಕ್ಕ ಮರುದಿನ ಇಸಳೂರಿಗೆ ಹೋದೆ. ಹೊಸ ಮನೆಗಳ ಸಾಲಿನಲ್ಲಿ ಅವಳದು ಹಳೆಯ ಮನೆ. ಅವಳ ಗಂಡ ಬೈಕು ಒರೆಸುತ್ತಿದ್ದವರು ಒಳಗೆ ಕರೆದರು. ಗೋಡೆಯ ಮೇಲೆ ಅವಳ ಫೋಟೋ. ಎಲ್ಲೋ ಕೊಟ್ಟು ಮಾಡಿಸಿದ್ದು: ನುಣುಪು ಕೆನ್ನೆ, ಒಂದೊಂದೇ ಎಣಿಸಬಹುದಾದ ರೆಪ್ಪೆ, ಮುಖದ ಸುತ್ತ ಆ ಬಿಳಿ ಗೆರೆ.

"ಚೆಂದ ಬೈಂದು ಅಲ್ದಾ?" ಎಂದು ಕೇಳಿದರು.

"ಹೌದ್ರಿ," ಅಂದೆ.

ಅವರೇ ಚಹಾ ಮಾಡಿ ತಂದರು. ಲೋಟ ನೋಡುತ್ತಾ ಅಂದರು, "ಮನೇಲಿ ಅದು ಮಾತೇ ಆಡ್ತಿತ್ತಿಲ್ಲೆ. ಬಂದು ಅಡಿಗೆ ಮಾಡಿ ಸುಮ್ಮನೆ ಕೂತ್ಕತ್ತಿತ್ತು. ಕಣ್ಣು ದಣೀತಿತ್ತೇನ."

ನಾನು ತಪ್ಪು ಮನೆಗೆ ಬಂದೆನೇನೋ ಅನ್ನಿಸಿತು. ದಿನವಿಡೀ ಮಾತಾಡುತ್ತಿದ್ದವಳು ಅವಳು. ಇಪ್ಪತ್ತೈದು ವರ್ಷ ಈ ಮನೆಯಲ್ಲಿ ಸುಮ್ಮನೆ ಕೂತಿದ್ದವಳೂ ಅವಳೇ. ಆ ಎರಡನೆಯವಳನ್ನು ನಾನು ನೋಡಿಯೇ ಇರಲಿಲ್ಲ, ಇನ್ನು ನೋಡುವಂತೆಯೂ ಇಲ್ಲ. ಅವರಿಗೂ ಮೊದಲನೆಯವಳು ಸಿಕ್ಕಿರಲಿಲ್ಲ.

ಟೆಂಪೋ ಸಾಹೇಬರ ಕತೆ ಹೇಳಿದೆ. ಅವರು ಪರವೂರಿನ ಯಾರದೋ ಸುದ್ದಿ ಕೇಳುವವರಂತೆ ಕೇಳಿದರು, ಕೊನೆಗೆ ಲೋಟ ಕೆಳಗಿಟ್ಟು ಗಟ್ಟಿಯಾಗಿ ನಕ್ಕರು. ನಾನು ನೆಲ ಬಿಟ್ಟು ಹಾರಿಸಿದ್ದ ಜನರ ಕತೆ ಹೇಳಿದೆ. ನನ್ನ ಭಾಷೆಯನ್ನು ಅವಳು ಅಣಕಿಸುತ್ತಿದ್ದುದನ್ನು ಅವಳ ಹಾಗೇ ಮಾಡಿ ತೋರಿಸಿದೆ. ಅವರು ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡರು.

"ಹೌದನ? ಮತ್ತೆ? ಮತ್ತೆ ಎಂತ ಹೇಳ್ತಿತ್ತು?"

ಹೇಳಿದೆ. ಚಹಾ ಆರಿತು. ಅವರು ಕೇಳುತ್ತಲೇ ಇದ್ದರು. ನನಗೆ ಗೊತ್ತಿದ್ದದ್ದೆಲ್ಲ ಮುಗಿದ ಮೇಲೂ ನಾನು ಹೇಳುತ್ತಲೇ ಇದ್ದೆ.